ನಂಬರ್‌ಗಳ ಲೆಕ್ಕ ಇಟ್ಟ ಜಾನ್ ಪೋಸ್ಟೆಲ್

ಸಿ ಪ್ರೋಗ್ರಾಂ ಒಂದು ಬೇರೆ ಕಂಪ್ಯೂಟರ್ ಜೊತೆ ಮಾತಾಡಬೇಕು ಅಂದ್ರೆ ಮೊದಲು ಗೆಟ್‌ಅಡ್ರ್‌ಇನ್ಫೋ ಫಂಕ್ಷನ್ ಕರೀತೀವಿ. ಒಂದು ವೆಬ್‌ಸೈಟ್ ಹೆಸರು, ಒಂದು ಸರ್ವಿಸ್ ಹೆಸರು ಕೊಟ್ಟರೆ ಅದು ಐಪಿ ಅಡ್ರೆಸ್ ಮತ್ತು ಪೋರ್ಟ್ ನಂಬರ್ ಹುಡುಕಿ ಕೊಡುತ್ತೆ. ಇಮೇಲ್‌ಗೆ 25, ಡಿಎನ್‌ಎಸ್‌ಗೆ 53, ವೆಬ್‌ಗೆ 80. ಈ ನಂಬರ್‌ಗಳನ್ನು ನಾವು ಪರೀಕ್ಷೆಗೆ ಬಾಯಿಪಾಠ ಮಾಡ್ತೀವಿ, ಆದರೆ ಅವುಗಳ ಲೆಕ್ಕ ಇಟ್ಟವರ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲ್ಲ.

ಜಾನ್ ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಓದಿದ್ದು ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ. 1969ರಲ್ಲಿ ಇಂಟರ್ನೆಟ್‌ನ ಪೂರ್ವಜ ಆರ್ಪಾನೆಟ್‌ನ ಮೊದಲ ನೋಡ್ ಅಲ್ಲೇ ಶುರುವಾದಾಗ ಅವರು ಆ ತಂಡದಲ್ಲಿದ್ದ ವಿದ್ಯಾರ್ಥಿ. ನೆಟ್‌ವರ್ಕ್ ಹೇಗೆ ಕೆಲಸ ಮಾಡಬೇಕು ಅಂತ ವಿವರಿಸುವ ಆರ್‌ಎಫ್‌ಸಿ ದಾಖಲೆಗಳು ಶುರುವಾಗಿದ್ದೂ ಅದೇ ವರ್ಷ. ಅವುಗಳ ಸಂಪಾದಕರಾದ ಪೋಸ್ಟೆಲ್ ಸಾಯುವವರೆಗೂ ಆ ಕೆಲಸ ಬಿಡಲಿಲ್ಲ.

ಆಗ ಯಾವ ಸರ್ವಿಸ್‌ಗೆ ಯಾವ ನಂಬರ್ ಅನ್ನೋದಕ್ಕೆ ಒಂದು ಅಧಿಕೃತ ಪಟ್ಟಿ ಇರಲಿಲ್ಲ. 1972ರ ಮೇ ತಿಂಗಳಲ್ಲಿ ಪೋಸ್ಟೆಲ್ ಒಂದು ಪುಟ್ಟ ಆರ್‌ಎಫ್‌ಸಿ ಬರೆದರು: ನಂಬರ್ ಹಂಚೋಕೆ ಒಬ್ಬರು ಯಜಮಾನರು ಇರಲಿ ಅಂತ. ಅದು ತಾನೇ ಆಗಬಹುದಾ ಅಂತ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದ್ದರು. ಕೊನೆಗೆ ಆ ಕೆಲಸ ಅವರ ಪಾಲಿಗೇ ಬಂತು. 1977ರಿಂದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಐಎಸ್‌ಐ ಸಂಸ್ಥೆಯಲ್ಲಿ ಕೂತು ಅದನ್ನು ಮುಂದುವರಿಸಿದರು. ಜಾಯ್ಸ್ ರೆನಾಲ್ಡ್ಸ್ ಜೊತೆಗಿದ್ದರು. ಮುಂದೆ ಈ ಕೆಲಸಕ್ಕೆ ಐಯಾನಾ ಅಂತ ಹೆಸರು ಬಂತು.

ಹೆಸರುಗಳ ಕಥೆ ಬೇರೆ. ಎಲ್ಲ ಕಂಪ್ಯೂಟರ್‌ಗಳ ಹೆಸರು, ಅಡ್ರೆಸ್ ಒಂದೇ ಫೈಲ್‌ನಲ್ಲಿ ಇರ್ತಿತ್ತು. ಎಲ್ಲರೂ ಅದನ್ನು ಕಾಪಿ ಮಾಡ್ಕೊಬೇಕಿತ್ತು. ನೆಟ್‌ವರ್ಕ್ ಬೆಳೀತಾ ಹೋದಂಗೆ ಇದು ಸಾಕಾಗಲಿಲ್ಲ. ಬಂದಿದ್ದ ಹಲವು ಸಲಹೆಗಳನ್ನು ಹೊಂದಿಸಿ ಒಂದು ದಾರಿ ಹುಡುಕಿ ಅಂತ ಪೋಸ್ಟೆಲ್ ತಮ್ಮ ಸಂಸ್ಥೆಯ ಪಾಲ್ ಮೊಕಪೆಟ್ರಿಸ್‌ಗೆ ಹೇಳಿದರು. ಮೊಕಪೆಟ್ರಿಸ್ ಹೊಸದನ್ನೇ ಮಾಡಿದರು. ಅದೇ 1983ರ ಡಿಎನ್‌ಎಸ್. ಹಳೇ ಫೈಲ್‌ನ ನೆನಪಿನಂತೆ ಲಿನಕ್ಸ್‌ನಲ್ಲಿ ಇವತ್ತಿಗೂ ಹೋಸ್ಟ್ಸ್ ಫೈಲ್ ಇದೆ.

ದೇಶಗಳಿಗೆ ಎರಡಕ್ಷರದ ಡೊಮೇನ್ ಕೊಡುವಾಗ ಯಾವುದು ದೇಶ, ಯಾವುದು ಅಲ್ಲ ಅನ್ನೋ ಜಗಳ ಬರೋದು ಸಹಜ ಅಲ್ವಾ? ಅದನ್ನು ತೀರ್ಮಾನಿಸೋದು ತಮ್ಮ ಕೆಲಸ ಅಲ್ಲ ಅಂತ ಪೋಸ್ಟೆಲ್ ಐಎಸ್‌ಒ ಸಂಸ್ಥೆಯ ಪಟ್ಟಿಯನ್ನೇ ಅನುಸರಿಸಿದರು. ತನ್ನ ಅಧಿಕಾರ ಎಲ್ಲಿ ಮುಗಿಯುತ್ತೆ ಅಂತ ಅವರಿಗೆ ಗೊತ್ತಿತ್ತು.

ಆದರೆ 1998ರ ಜನವರಿ 28ರಂದು ಒಂದು ವಿಚಿತ್ರ ನಡೀತು. ಡಿಎನ್‌ಎಸ್‌ನ ಮುಖ್ಯ ರೂಟ್ ಸರ್ವರ್ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿಯ ಹತ್ತಿರ ಇತ್ತು, ಉಳಿದ 12 ಸರ್ವರ್‌ಗಳು ಅದರಿಂದಲೇ ಮಾಹಿತಿ ತಗೋತಿದ್ದವು. ಪೋಸ್ಟೆಲ್ ಅವುಗಳಲ್ಲಿ 8 ಸರ್ವರ್ ನಡೆಸುವವರಿಗೆ ಇಮೇಲ್ ಮಾಡಿ, ಇನ್ಮುಂದೆ ಐಯಾನಾದ ಸರ್ವರ್‌ನಿಂದ ತಗೊಳ್ಳಿ ಅಂದರು. ಅವರು ತಗೊಂಡರು! ಬಳಸುವವರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ, ಆದರೆ ಅಮೆರಿಕ ಸರ್ಕಾರ ಸಿಟ್ಟಾಯಿತು. ಅದೊಂದು ಪರೀಕ್ಷೆ ಅಷ್ಟೇ ಅಂತ ಹೇಳಿ ಪೋಸ್ಟೆಲ್ ಮೊದಲಿನಂತೆ ಮಾಡಿದರು.

ಅವರನ್ನು ನಂಬಿದ್ದರಿಂದಲೇ ಎಂಟು ಕಡೆಯವರು ಹೇಳಿದಂತೆ ಕೇಳಿದರು. ಆದರೆ ಅದೇ ಇಮೇಲ್ ಕೆಟ್ಟ ಮನುಷ್ಯನಿಂದ ಬಂದಿದ್ದರೆ? ಒಬ್ಬರ ಒಳ್ಳೇತನದ ಮೇಲೆ ಇಡೀ ಇಂಟರ್ನೆಟ್ ನಿಲ್ಲೋದು ಸರಿನಾ ಅನ್ನೋ ಪ್ರಶ್ನೆ ಆಗ ತಪ್ಪಿಸೋಕೆ ಆಗದ ಹಾಗಾಯಿತು. ಪೋಸ್ಟೆಲ್ ಕೂಡ ಈ ಕೆಲಸವನ್ನು ಒಂದು ಸಂಸ್ಥೆಗೆ ಒಪ್ಪಿಸೋಕೆ ದುಡಿಯುತ್ತಿದ್ದರು. ಸೆಪ್ಟೆಂಬರ್ 30ರಂದು ಐಕ್ಯಾನ್ ಸಂಸ್ಥೆ ನೋಂದಣಿಯಾಯಿತು. ಅಕ್ಟೋಬರ್ 16ರಂದು ಹೃದಯದ ತೊಂದರೆಯಿಂದ ಪೋಸ್ಟೆಲ್ ತೀರಿಕೊಂಡರು. ವಯಸ್ಸು ಬರೀ 55.

ಈಗ ಹೊಸ ಪೋರ್ಟ್ ನಂಬರ್ ಬೇಕಂದ್ರೆ ಅರ್ಜಿ, ಪರಿಶೀಲನೆ, ನಿಯಮ ಎಲ್ಲಾ ಇದೆ. ಅದು ಇರಲೇಬೇಕು. ಆದರೂ ಒಮ್ಮೆ ಲಿನಕ್ಸ್‌ನಲ್ಲಿ ಸರ್ವಿಸಸ್ ಫೈಲ್ ತೆಗೆದು ನೋಡಿ. ಅದರ ಮೊದಲ ಸಾಲುಗಳಲ್ಲಿರುವ ಎಷ್ಟೋ ನಂಬರ್‌ಗಳು ಪೋಸ್ಟೆಲ್ ಇಟ್ಟ ಪಟ್ಟಿಯಲ್ಲಿ ಇದ್ದಂತೆಯೇ ಈಗಲೂ ಇವೆ.