ವಿಶ್ವೇಶ್ವರಯ್ಯನವರೂ ಮೂಸಿಯ ಮಹಾಪೂರವೂ

ಬೆಂಕಿಯುಗುಳುವ ಬೆಟ್ಟದ ಬುಡದಲ್ಲಿ ಬೇಸಾಯ ಮಾಡುವವರ ಸುದ್ದಿಯನ್ನೋದಿ ನಾವು ಬೆರಗಾಗುತ್ತೇವೆ. 2005ರ ಜುಲೈ 26ರಂದು ಉಲ್ಹಾಸ ನದಿಯ ನೀರು ಮನೆ ಹೊಕ್ಕ ಬಳಿಕ ಕಲ್ಯಾಣದ ತಗ್ಗಿನ ಚಾಳುಗಳನ್ನು ನಾವು ಬಿಟ್ಟೆವೇ? ಅನ್ನವಿರುವೆಡೆ ಮನುಷ್ಯನು ಅಪಾಯದ ಮಗ್ಗುಲಲ್ಲಿಯೇ ಬಾಳುತ್ತಾನೆ. ಅಂಥವರಿಗಾಗಿ ಉಪಾಯ ಹುಡುಕಿದವರು ಸರ್ ಎಂ. ವಿಶ್ವೇಶ್ವರಯ್ಯನವರು.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಸರಕಾರದ ನೌಕರಿಗೆ ಸೇರಿದರು. ನಮ್ಮಂತೆಯೇ ಈ ಸೀಮೆಯಲ್ಲಿ ದುಡಿದವರು. ಅವರು ನಿವೃತ್ತರಾದ 1908ರಲ್ಲಿಯೇ, ಸೆಪ್ಟೆಂಬರ್ 28ರಂದು, ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಮಂದಿ ಮಡಿದರು. ಅಫ್ಜಲ್‌ಗಂಜಿನ ಹುಣಿಸೆ ಮರವೊಂದನ್ನೇರಿದ ಸುಮಾರು 150 ಜನ ಬದುಕಿ ಉಳಿದರೆಂದು ಹೇಳುತ್ತಾರೆ.

ನಿಜಾಮ ಸರಕಾರದ ಕರೆಯಂತೆ 1909ರಲ್ಲಿ ಅಲ್ಲಿಗೆ ಹೋದ ವಿಶ್ವೇಶ್ವರಯ್ಯನವರು ಮಳೆಯ ಪ್ರಮಾಣವನ್ನೂ ಮೇಲ್ಭಾಗದ ಕೆರೆಗಳನ್ನೂ ಲೆಕ್ಕಹಾಕಿದರು. ಇನ್ನೂರಕ್ಕೂ ಮಿಕ್ಕಿದ ಕೆರೆಗಳು ಒಡೆದುದರಿಂದ ಪ್ರವಾಹ ಇಮ್ಮಡಿಸಿತ್ತು. ಅವರು ಊರನ್ನೇ ಎಬ್ಬಿಸಹೋಗಲಿಲ್ಲ. ನೆರೆಯನ್ನು ಮೇಲೆಯೇ ತಡೆಹಿಡಿಯುವ ಎರಡು ಜಲಾಶಯಗಳನ್ನು ಸೂಚಿಸಿದರು. ಉಸ್ಮಾನ್ ಸಾಗರ 1920ರಲ್ಲಿಯೂ ಹಿಮಾಯತ್ ಸಾಗರ 1927ರಲ್ಲಿಯೂ ಪೂರ್ಣವಾದವು. ಕನ್ನಂಬಾಡಿ ಕಟ್ಟೆಯನ್ನು ಹೊಗಳಿ ದಣಿಯದ ನಮ್ಮವರು ಈ ಕಾರ್ಯವನ್ನು ಅಷ್ಟಾಗಿ ನೆನೆಯುವುದಿಲ್ಲ.

1912ರಿಂದ ಮೈಸೂರಿನ ದಿವಾನರಾಗಿದ್ದು, ಶತಾಯುಷಿಗಳಾಗಿ 1962ರಲ್ಲಿ ಅವರು ಕಾಲವಾದರು. ಮುಂದೆ ಮೂಸಿಯ ಪಾತ್ರದೊಳಗೇ ಮನೆಗಳೆದ್ದವು. 2020ರ ಅಕ್ಟೋಬರಿನಲ್ಲಿ ನೀರು ಮತ್ತೆ ಅವನ್ನು ಹೊಕ್ಕಿತು.