ಬಂದು ಸೇರಿದ ನಾಡಿನ ಋಣ: ಕರ್ನಲ್ ಆಲ್ಕಾಟ್ ಸ್ಮರಣೆ



ಇಂದು ಫೆಬ್ರವರಿ 17. 1907ರ ಇದೇ ದಿನ ಮದ್ರಾಸಿನ ಅಡ್ಯಾರಿನಲ್ಲಿ ಕರ್ನಲ್ ಹೆನ್ರಿ ಸ್ಟೀಲ್ ಆಲ್ಕಾಟ್ ತೀರಿಕೊಂಡರು. ಆಂಡರ್ಸನ್‌ಪೇಟೆಯ ನಮ್ಮ ಅಧ್ಯಯನ ಬಳಗದ ಗೋಡೆಯ ಮೇಲೆ ಅವರ ಫೋಟೋ ಇಲ್ಲ. ಆದರೆ ಬುದ್ಧ ಪೂರ್ಣಿಮೆಗೆ ನಾವು ಏರಿಸುವ ನೀಲಿ, ಹಳದಿ, ಕೆಂಪು, ಬಿಳಿ, ಕೇಸರಿ ಪಟ್ಟಿಗಳ ಬಾವುಟದಲ್ಲಿ ಅವರ ಕೈ ಇದೆ. ಮೊನ್ನೆ ಮಕ್ಕಳನ್ನು ಕೇಳಿದೆ, ಈ ಬಾವುಟ ಯಾರು ಮಾಡಿದ್ದು ಅಂತ. ಬಾಬಾಸಾಹೇಬರು ಅಂದರು ಎಲ್ಲರೂ ಒಟ್ಟಿಗೆ. ಅದಕ್ಕೇ ಇವತ್ತು ಆಲ್ಕಾಟ್ ವಿಷಯ ಬರೆಯೋಣ ಅಂದುಕೊಂಡೆ. ಇನ್ನೊಂದು ಕಾರಣವೂ ಇದೆ.

ಹೋದ ವಾರ ಬೆಂಗಳೂರಿನಿಂದ ಮಾರಿಕುಪ್ಪಂ ರೈಲಿನಲ್ಲಿ ಬರುತ್ತಿದ್ದೆ. ಫೋನಿನಲ್ಲಿ ಮಗಳ ಜೊತೆ ತಮಿಳಿನಲ್ಲಿ ಮಾತಾಡಿ ಮುಗಿಸಿದ ಮೇಲೆ ಎದುರು ಸೀಟಿನವರು ಯಾವೂರು ಅಂತ ಕೇಳಿದರು. ಕೆಜಿಎಫ್ ಅಂದೆ. ಅದಕ್ಕೆ ಮೊದಲು ಎಲ್ಲಿ ಅಂದರು. ತಾತ ಗುಡಿಯಾತ್ತಂ ಕಡೆಯವರು ಅಂತ ಹೇಳಿದೆ. ಹೊರಗಿನಿಂದ ಬಂದವರಿಗೆ ಅನ್ನ ಕೊಟ್ಟ ನಾಡಿದು, ನೀವೆಲ್ಲ ಋಣಿಯಾಗಿರಬೇಕು ಅಂದರು. ಜಗಳದ ಧ್ವನಿ ಇರಲಿಲ್ಲ. ಸಹಜವಾಗಿಯೇ ಹೇಳಿದರು. ನಾನು ಹೌದು ಸಾರ್ ಅಂತ ತಲೆ ಆಡಿಸಿ ಸುಮ್ಮನಾದೆ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ.

ತಾತ ಬಂದಾಗ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಅಂತ ಹೆಸರು. ಅಲ್ಲಿಂದ ಗಣಿ ರೈಲು ಹತ್ತಿ ಬಂದು ಚಾಂಪಿಯನ್ ರೀಫ್ಸ್‌ನಲ್ಲಿ ಇಳಿದರು, ಭೂಮಿಯ ಒಳಕ್ಕೂ ಇಳಿದರು. ಆಮೇಲೆ ಅಪ್ಪ. ಅವರ ನಂತರ ನಾನು, 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ. ಮೂರು ತಲೆಮಾರು ಬಂಡೆ ಒಡೆದೆವು. ಬಂಗಾರ ಎಲ್ಲೆಲ್ಲಿಗೋ ಹೋಯಿತು, ಧೂಳು ಅಪ್ಪನ ಎದೆಯಲ್ಲಿ ಉಳಿಯಿತು. ಇದರಲ್ಲಿ ಯಾರು ಯಾರಿಗೆ ಋಣಿ? ಆದರೆ ಲೆಕ್ಕವನ್ನು ಅಷ್ಟಕ್ಕೇ ನಿಲ್ಲಿಸಿದರೆ ಅದೂ ಸುಳ್ಳಾಗುತ್ತದೆ. ತಾತನಿಗೆ ಹುಟ್ಟಿದ ಊರಿನಲ್ಲಿ ಚಪ್ಪಲಿ ಹಾಕಿಕೊಂಡು ನಡೆಯುವುದಕ್ಕೆ ಆಗುತ್ತಿರಲಿಲ್ಲ. ಇಲ್ಲಿ ಕೂಲಿ ಕೈಗೆ ಬಂತು. ಬೌದ್ಧ ಸಂಘದವರು ಗಟ್ಟಿಯಾಗಿ ಓದುತ್ತಿದ್ದ ತಮಿಳನ್ ಪತ್ರಿಕೆ ಕೇಳಿ ಕೇಳಿ, ಆಮೇಲೆ ಅಕ್ಷರ ಕೂಡಿಸಿ, ತಾನೂ ಓದುವುದಕ್ಕೆ ಕಲಿತರು. ಆ ಸಂಘ ಇಲ್ಲಿಗೆ ಬಂದ ದಾರಿ ಹುಡುಕಿಕೊಂಡು ಹೋದರೆ ಆಲ್ಕಾಟ್ ಸಿಗುತ್ತಾರೆ. ಅವರೂ ಹೊರಗಿನಿಂದ ಬಂದವರೇ.

ಹುಟ್ಟಿದ್ದು 1832ರ ಆಗಸ್ಟ್ 2ರಂದು, ಅಮೆರಿಕದ ನ್ಯೂಜರ್ಸಿಯಲ್ಲಿ. ತಂದೆಯ ವ್ಯಾಪಾರ ಬಿದ್ದುಹೋಗಿ ಕಾಲೇಜು ಅರ್ಧಕ್ಕೆ ನಿಂತಿತು. ಬೇಸಾಯ ಕಲಿತು ಸಿಹಿಜೋಳದ ಬೆಳೆ ಬಗ್ಗೆ ಪುಸ್ತಕ ಬರೆದರು. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸಾಮಾನು ಸರಬರಾಜು ಮಾಡುವ ಕಂಟ್ರಾಕ್ಟರುಗಳ ಮೋಸ ಹಿಡಿಯುವ ಕೆಲಸ ಇವರದಾಗಿತ್ತು. ಲಿಂಕನ್ ಕೊಲೆಯ ತನಿಖೆ ನಡೆಸಿದವರಲ್ಲಿಯೂ ಒಬ್ಬರು. ಆಮೇಲೆ ನ್ಯೂಯಾರ್ಕಿನಲ್ಲಿ ವಕೀಲಿ. 1875ರಲ್ಲಿ ಬ್ಲಾವಟ್‌ಸ್ಕಿ ಅವರ ಜೊತೆ ಥಿಯಾಸಾಫಿಕಲ್ ಸೊಸೈಟಿ ಕಟ್ಟಿದರು. ಅದರ ಮಹಾತ್ಮರು, ಅದೃಶ್ಯ ಶಕ್ತಿಗಳು ಇವನ್ನೆಲ್ಲ ನಾವು ಒಪ್ಪುವುದಿಲ್ಲ. ಬಾಬಾಸಾಹೇಬರು ಕೊಟ್ಟ ಧಮ್ಮದಲ್ಲಿ ಅದಕ್ಕೆ ಜಾಗವಿಲ್ಲ.

1879ರ ಫೆಬ್ರವರಿಯಲ್ಲಿ ಮುಂಬಯಿಗೆ ಬಂದಿಳಿದಾಗ ಅವರಿಗೆ 46 ವರ್ಷ. ಮದುವೆ ಮುರಿದಿತ್ತು, ಇಬ್ಬರು ಗಂಡುಮಕ್ಕಳು ಅಮೆರಿಕದಲ್ಲೇ ಉಳಿದರು. ಮರುವರ್ಷ ಶ್ರೀಲಂಕೆಗೆ ಹೋಗಿ, 1880ರ ಮೇ 25ರಂದು ಗಾಲೆಯಲ್ಲಿ ಪಂಚಶೀಲ ಸ್ವೀಕರಿಸಿದರು.

ನನಗೆ ಇಷ್ಟವಾಗುವುದು ಇಲ್ಲಿಂದ ಮುಂದಿನ ಭಾಗ. ಆಗ ಲಂಕೆಯಲ್ಲಿ ಶಾಲೆ ಅಂದರೆ ಮಿಷನರಿಗಳ ಶಾಲೆ. ಬೌದ್ಧರ ಕೈಯಲ್ಲಿದ್ದವು ಬೆರಳೆಣಿಕೆಯಷ್ಟು. ಹೊಸದಾಗಿ ಧಮ್ಮಕ್ಕೆ ಬಂದ ಈ ಅಮೆರಿಕದವರು ಧ್ಯಾನಕ್ಕೆ ಕೂರಲಿಲ್ಲ, ಚಂದಾ ಎತ್ತಲು ಹೊರಟರು. ತಾವೇ ನಕ್ಷೆ ಹಾಕಿ ಮಾಡಿಸಿದ ಎತ್ತಿನ ಗಾಡಿಯಲ್ಲಿ ಹಳ್ಳಿ ಹಳ್ಳಿ ತಿರುಗಿದರು. ಊಟ, ನಿದ್ದೆ, ಬರವಣಿಗೆ ಎಲ್ಲ ಆ ಗಾಡಿಯಲ್ಲೇ. ಮಕ್ಕಳಿಗೆ ಕಲಿಸುವ ಪುಸ್ತಕ ಇಲ್ಲ ಅಂತ ಪ್ರಶ್ನೋತ್ತರ ರೂಪದಲ್ಲಿ ಬೌದ್ಧ ಧಮ್ಮದ ಕೈಪಿಡಿ ಬರೆದು 1881ರಲ್ಲಿ ಅಚ್ಚು ಹಾಕಿಸಿದರು. 1883ರಲ್ಲಿ ಕೊಲಂಬೊದ ಕೊಟಹೇನದಲ್ಲಿ ಬೌದ್ಧರ ಮೆರವಣಿಗೆಯ ಮೇಲೆ ದಾಳಿ ಆಯಿತು, ಹೊಡೆದವರಿಗೆ ಶಿಕ್ಷೆ ಆಗಲಿಲ್ಲ. ಆಲ್ಕಾಟ್ ಮರುವರ್ಷ ಲಂಡನ್ನಿಗೆ ಹೋಗಿ ಬೌದ್ಧರ ಪರವಾಗಿ ಅಹವಾಲು ಕೊಟ್ಟರು. 1885ರಲ್ಲಿ ವೈಶಾಖ ಪೂರ್ಣಿಮೆ ಸರ್ಕಾರಿ ರಜೆಯಾಯಿತು, ಆ ಹಬ್ಬಕ್ಕೆ ಈ ಬಾವುಟ ಮೊದಲ ಸಲ ಏರಿತು. ಬಣ್ಣಗಳನ್ನು ಕೊಲಂಬೊದ ಸಮಿತಿ ಗೊತ್ತುಮಾಡಿತ್ತು. ಅದು ಉದ್ದುದ್ದ ಪತಾಕೆಯಂತಿತ್ತು, ಸಾಮಾನ್ಯ ಬಾವುಟದ ಅಳತೆಗೆ ತಂದರೆ ಎಲ್ಲರ ಮನೆಯ ಮೇಲೂ ಹಾರೀತು ಅಂತ ಹೇಳಿದವರು ಇವರು. 1950ರಲ್ಲಿ ಲಂಕೆಯಲ್ಲಿ ನಡೆದ ವಿಶ್ವ ಬೌದ್ಧ ಸಮ್ಮೇಳನದಲ್ಲಿ ಇದನ್ನೇ ಜಗತ್ತಿನ ಬೌದ್ಧರ ಬಾವುಟವಾಗಿ ಮುಂದಿಟ್ಟರು. ಆ ಸಮ್ಮೇಳನಕ್ಕೆ ಬಾಬಾಸಾಹೇಬರೂ ಹೋಗಿದ್ದರು. ಹಾಗಾಗಿ ಮಕ್ಕಳು ಹೇಳಿದ್ದು ಪೂರ್ತಿ ತಪ್ಪೇನಲ್ಲ.

1882ರಿಂದ ಅವರ ಮನೆ ಅಡ್ಯಾರು. ಅಲ್ಲಿ ಸುತ್ತಮುತ್ತಲ ಕೇರಿಗಳ ಮಕ್ಕಳನ್ನು ಕಂಡರು. 1894ರಲ್ಲಿ ಅವರಿಗಾಗಿ ಉಚಿತ ಶಾಲೆ ತೆರೆದರು. ಪಂಚಮರ ಶಾಲೆ ಅಂತಲೇ ಆಗ ಕರೆಯುತ್ತಿದ್ದರು. ಒಂದಾದ ಮೇಲೆ ಒಂದು, ಇನ್ನೂ ಕೆಲವು ಶಾಲೆಗಳಾದವು. ಮೊದಲನೆಯದು ಇವತ್ತಿಗೂ ಬೆಸೆಂಟ್ ನಗರದಲ್ಲಿ ಅವರ ಹೆಸರಿನಲ್ಲಿ ನಡೆಯುತ್ತಿದೆ.

1898ರಲ್ಲಿ ಪಂಡಿತ ಅಯೋತಿದಾಸರು, ಪಂಚಮ ಶಾಲೆಯ ಮುಖ್ಯೋಪಾಧ್ಯಾಯ ಕೃಷ್ಣಸ್ವಾಮಿಯವರು ಆಲ್ಕಾಟ್ ಬಳಿ ಬಂದರು. ನಾವು ಮೊದಲು ಬೌದ್ಧರೇ ಆಗಿದ್ದವರು, ನಮ್ಮ ಧಮ್ಮಕ್ಕೆ ಹಿಂತಿರುಗಬೇಕು, ದಾರಿ ತೋರಿಸಿ ಅನ್ನುವುದು ಅವರ ಕೋರಿಕೆ. ಆಲ್ಕಾಟ್ ಅವರನ್ನು ಲಂಕೆಗೆ ಕರೆದುಕೊಂಡು ಹೋದರು. ವಿದ್ಯೋದಯ ಪಿರಿವೇಣದ ಹಿಕ್ಕಡುವೆ ಸುಮಂಗಲ ಥೇರರಿಂದ ಅವರು ಪಂಚಶೀಲ ಪಡೆದರು. ಮರಳಿ ಬಂದು ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅದರ ಶಾಖೆಗಳು ನಮ್ಮ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ಗೆ ಬಂದವು. ದೂರದ ರಂಗೂನ್, ನೇಟಾಲ್‌ಗೂ ಹೋದವು. ನೋಡಿ, ಎಲ್ಲವೂ ನಮ್ಮವರು ಕೂಲಿಗೆ ವಲಸೆ ಹೋದ ಜಾಗಗಳು.

ಒಂದು ಮಾತು ಬಿಡಬಾರದು. ದೀಕ್ಷೆಯ ಯೋಚನೆ ಆಲ್ಕಾಟರದಲ್ಲ, ಅಯೋತಿದಾಸರದು. ಬಿಳಿಯ ದೊರೆ ಬಂದು ನಮ್ಮನ್ನು ಉದ್ಧಾರ ಮಾಡಿದ ಅಂತ ಕಥೆ ಹೇಳುವವರಿದ್ದಾರೆ, ಅದು ಸರಿಯಲ್ಲ. ಥಿಯಾಸಾಫಿಯವರನ್ನು ಪಂಡಿತರು ಮುಂದೆ ಕಟುವಾಗಿಯೇ ಟೀಕಿಸಿದರು. ಇನ್ನು ಆಲ್ಕಾಟ್ ಹಡಗಿನಲ್ಲಿ ಅತಿಥಿಯಾಗಿ ಬಂದವರು, ಹೂಮಾಲೆ ಹಾಕಿಸಿಕೊಂಡವರು. ನನ್ನ ತಾತ ತಲೆಯ ಮೇಲೆ ಗಂಟು ಹೊತ್ತು ಬಂದವರು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಕ್ಕೆ ನನಗೆ ಮನಸ್ಸಿಲ್ಲ.

ಆದರೂ ಋಣ ಅನ್ನುವ ಮಾತು ಬಂದಾಗ ಅವರ ನೆನಪಾಗುತ್ತದೆ. ಮಂಗಲ ಸುತ್ತದಲ್ಲಿ ಭಗವಾನರು ಹೇಳುವ ಮಂಗಲಗಳಲ್ಲಿ ಕತಞ್ಞುತಾ ಒಂದು. ಮಾಡಿದ್ದನ್ನು ತಿಳಿದಿರುವುದು ಅಂತ ಅದರ ಅರ್ಥ. ಅದರ ಜೊತೆಗೆ ಬರುವ ಇನ್ನೊಂದು ಪದ ಕತವೇದಿತಾ, ತಿಳಿದದ್ದನ್ನು ಕೆಲಸದಲ್ಲಿ ತೋರಿಸುವುದು. ಎರಡರಲ್ಲೂ ತಲೆ ತಗ್ಗಿಸಿ ಕೂರಬೇಕು ಅನ್ನುವ ಅರ್ಥ ಇಲ್ಲ. ಈ ನೆಲ ಆಲ್ಕಾಟರಿಗೆ ಧಮ್ಮ ಕೊಟ್ಟಿತು. ಅವರು ಶಾಲೆ ಕಟ್ಟಿದರು, ಆಳುವವರನ್ನು ಪ್ರಶ್ನೆ ಮಾಡಿದರು. ಅಡ್ಯಾರಿನಲ್ಲಿ ಅವರ ದೇಹದ ಮೇಲೆ ಎರಡು ಬಾವುಟ ಹೊದಿಸಿದ್ದರು. ಒಂದು ಅಮೆರಿಕದ್ದು, ಇನ್ನೊಂದು ನಮ್ಮ ಪಂಚವರ್ಣದ್ದು. ಒಂದನ್ನು ತೆಗೆಯಿರಿ ಅಂತ ಯಾರೂ ಹೇಳಲಿಲ್ಲ.

ರೈಲಿನಲ್ಲಿ ಸಿಕ್ಕವರಿಗೆ ಇದನ್ನೆಲ್ಲ ಹೇಳಬಹುದಿತ್ತು, ಆಗ ಹೊಳೆಯಲಿಲ್ಲ. ಮನೆಯಲ್ಲಿ ತಾತ ಕಟ್ಟಿಟ್ಟ ಹಳೆಯ ತಮಿಳನ್ ಸಂಚಿಕೆಗಳು ಒಂದಿಷ್ಟು ಇವೆ, ಅಂಚು ಪುಡಿಯಾಗುತ್ತಿದೆ. ನಮ್ಮ ಬಳಗದ ಮಕ್ಕಳು ಕನ್ನಡ ಶಾಲೆಯವರು, ತಮಿಳು ಮಾತಾಡುತ್ತಾರೆ, ಓದಲು ಬರುವುದಿಲ್ಲ. ದಿನಕ್ಕೆ ಒಂದು ಪುಟದಂತೆ ಕನ್ನಡಕ್ಕೆ ಬರೆಯಲು ಶುರು ಮಾಡಿದ್ದೇನೆ. ಇದುವರೆಗೆ ನಾಲ್ಕು ಪುಟ ಆಗಿದೆ. ಭಾನುವಾರ ಬಳಗಕ್ಕೆ ತರುತ್ತೇನೆ, ತಪ್ಪಿದ್ದರೆ ತಿದ್ದಿ.

ಜೈ ಭೀಮ್.