ಕೈಗಡಿಯಾರವನ್ನು ನಂಬಿಸಿದವರು: ಹ್ಯಾನ್ಸ್ ವಿಲ್ಸ್‌ಡಾರ್ಫ್

ಬುಕಿತ್ ಬಾಟೋಕ್ ಎಂಆರ್‌ಟಿಯಲ್ಲಿ ರೈಲಿಗೆ ಕಾಯುವಾಗ ಟೈಮ್ ನೋಡೋಕೆ ನಾವೆಲ್ಲ ಫೋನ್ ತೆಗೆಯುತ್ತೇವೆ. ಆದರೂ ನಮ್ಮಲ್ಲಿ ಕೆಲವರ ಕೈಯಲ್ಲಿ ಊರಿಂದ ತಂದ ಅಜ್ಜನ ಎಚ್‌ಎಂಟಿ ಇದೆ. ಇನ್ನು ಕೆಲವರು ಆರ್ಚರ್ಡ್ ರೋಡಿನ ಶೋರೂಮ್ ಗಾಜಿನ ಮುಂದೆ ನಿಂತು, ಕೆಲಸ ಸಿಕ್ಕಮೇಲೆ ನೋಡೋಣ ಅಂತ ರೋಲೆಕ್ಸ್ ಕಡೆ ಕಣ್ಣು ಹಾಯಿಸಿ ಬಂದಿದ್ದೇವೆ. ಆ ರೋಲೆಕ್ಸ್ ಕಟ್ಟಿದವರೂ ಒಂದು ಕಾಲಕ್ಕೆ ಪರದೇಶದಲ್ಲಿ ಕೆಲಸ ಹುಡುಕಿಕೊಂಡು ಹೋದ ಹುಡುಗನೇ.

ಹ್ಯಾನ್ಸ್ ವಿಲ್ಸ್‌ಡಾರ್ಫ್ ಹುಟ್ಟಿದ್ದು 1881ರ ಮಾರ್ಚ್ 22ರಂದು, ಜರ್ಮನಿಯ ಕುಲ್ಮ್‌ಬಾಖ್‌ನಲ್ಲಿ. ಹನ್ನೆರಡು ವರ್ಷಕ್ಕೆಲ್ಲ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಬಂಧುಗಳು ಮನೆಯ ವ್ಯಾಪಾರವನ್ನು ಮಾರಿ ಮಕ್ಕಳನ್ನು ಹಾಸ್ಟೆಲ್ ಶಾಲೆಗೆ ಹಾಕಿದರು. ಅಲ್ಲಿ ಕಲಿತ ಇಂಗ್ಲಿಷೇ ಕೈಹಿಡಿಯಿತು. 1900ರಲ್ಲಿ ಸ್ವಿಟ್ಜರ್‌ಲೆಂಡಿನ ಗಡಿಯಾರ ವ್ಯಾಪಾರಿಯೊಬ್ಬರ ಬಳಿ ಪತ್ರ ಬರೆಯುವ ಕೆಲಸ ಸಿಕ್ಕಿತು. ಜೊತೆಗೆ ದಿನಾ ನೂರಾರು ಜೇಬುಗಡಿಯಾರಗಳಿಗೆ ಕೀ ಕೊಟ್ಟು, ಯಾವುದು ಮುಂದೆ ಓಡುತ್ತೆ, ಯಾವುದು ಹಿಂದೆ ಬೀಳುತ್ತೆ ಅಂತ ನೋಡಬೇಕಿತ್ತು. ಅವರು ಗಡಿಯಾರ ಮಾಡುವ ಕಸುಬುದಾರರಲ್ಲ. ಆದರೆ ಒಳ್ಳೆಯ ಕಸುಬನ್ನು ಗುರುತಿಸುವ ಕಣ್ಣು ಬಂದದ್ದು ಅಲ್ಲಿ.

1905ರಲ್ಲಿ, 24ನೇ ವಯಸ್ಸಿಗೆ, ಲಂಡನ್ನಿನಲ್ಲಿ ಆಲ್ಫ್ರೆಡ್ ಡೇವಿಸ್ ಜೊತೆ ಸೇರಿ ಸ್ವಂತ ವ್ಯಾಪಾರ ಶುರುಮಾಡಿದರು. ಆಗ ಕೈಗಡಿಯಾರ ಅಂದರೆ ಹೆಂಗಸರ ಒಡವೆ. ಅಷ್ಟು ಚಿಕ್ಕ ಯಂತ್ರ ಸರಿಯಾದ ಟೈಮ್ ತೋರಿಸುತ್ತೆ ಅಂದರೆ ಗಂಡಸರು ನಗುತ್ತಿದ್ದರು. ವಿಲ್ಸ್‌ಡಾರ್ಫ್ ಬೀಲ್ ಊರಿನ ಏಗ್ಲರ್ ಕಾರ್ಖಾನೆಯಿಂದ ನಾಜೂಕಾದ ಪುಟ್ಟ ಯಂತ್ರಗಳನ್ನು ತರಿಸಿಕೊಂಡರು. 1908ರಲ್ಲಿ ರೋಲೆಕ್ಸ್ ಎಂಬ ಹೆಸರು ನೋಂದಾಯಿಸಿದರು. 1914ರ ಜುಲೈನಲ್ಲಿ ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯ ಅವರ ಒಂದು ಕೈಗಡಿಯಾರವನ್ನು 45 ದಿನ, ಐದು ಭಂಗಿಗಳಲ್ಲಿ, ಚಳಿ–ಸೆಕೆ ಎರಡರಲ್ಲೂ ಇಟ್ಟು ನೋಡಿ, 'ಎ' ದರ್ಜೆಯ ಪ್ರಮಾಣಪತ್ರ ಕೊಟ್ಟಿತು. ಕೈಗಡಿಯಾರವೊಂದಕ್ಕೆ ಅದು ಸಿಕ್ಕಿದ್ದು ಅದೇ ಮೊದಲು.

ಕೆಲವೇ ವಾರಗಳಲ್ಲಿ ಮಹಾಯುದ್ಧ ಶುರುವಾಯಿತು. ಲಂಡನ್ನಿನಲ್ಲಿ ಜರ್ಮನ್ ಹೆಸರಿಟ್ಟುಕೊಂಡು ವ್ಯಾಪಾರ ಮಾಡುವುದೇ ಕಷ್ಟ. ಮೇಲಿಂದ 1915ರಲ್ಲಿ ಆಮದು ಗಡಿಯಾರಗಳ ಮೇಲೆ ಮೂರನೇ ಒಂದು ಪಾಲು ಸುಂಕ ಬಿತ್ತು. ಯುದ್ಧ ಮುಗಿದ ಮೇಲೆ ಕಂಪನಿಯ ಕೇಂದ್ರವನ್ನೇ ಜಿನೀವಾಕ್ಕೆ ಒಯ್ದರು.

ಆಮೇಲೆ ಧೂಳು, ನೀರಿನ ಜೊತೆ ಜಗಳ. 1926ರಲ್ಲಿ ಬಂದ 'ಆಯ್‌ಸ್ಟರ್'ನ ಹಿಂಬದಿ ಮುಚ್ಚಳ, ಕೀ ಕೊಡುವ ಗುಂಡಿ ಎಲ್ಲವೂ ತಿರುಪಿನಿಂದ ಬಿಗಿಯಾಗಿ ಕೂರುತ್ತಿದ್ದವು. ಮರುವರ್ಷ ಈಜುಗಾರ್ತಿ ಮರ್ಸಿಡೀಸ್ ಗ್ಲೈಟ್ಸ್ ಅದನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಾಲುವೆಗೆ ಇಳಿದರು. ಹತ್ತು ಗಂಟೆಗೂ ಹೆಚ್ಚು ಈಜಿದ ಮೇಲೆ ಚಳಿಗೆ ಸೋತ ಅವರನ್ನು ದಡ ಸೇರುವ ಮೊದಲೇ ಮೇಲೆತ್ತಬೇಕಾಯಿತು. ಗಡಿಯಾರ ಮಾತ್ರ ನಿಂತಿರಲಿಲ್ಲ. 1931ರಲ್ಲಿ, ಕೈ ಆಡಿದಷ್ಟಕ್ಕೇ ತಾನಾಗಿ ಕೀ ತುಂಬಿಕೊಳ್ಳುವ ವ್ಯವಸ್ಥೆಯೂ ಬಂತು.

ಇಷ್ಟು ದಿನ ತಮ್ಮ ಗಡಿಯಾರವನ್ನು ನಂಬಿ ಅಂದವರು, ಎರಡನೇ ಮಹಾಯುದ್ಧದಲ್ಲಿ ತಾವೇ ಗಿರಾಕಿಗಳನ್ನು ನಂಬಿದರು. ಜರ್ಮನ್ ಶಿಬಿರಗಳಲ್ಲಿ ಸೆರೆಯಲ್ಲಿದ್ದ ಬ್ರಿಟಿಷ್ ಸೈನಿಕರು ಪತ್ರ ಬರೆದರೆ ರೋಲೆಕ್ಸ್ ಕಳಿಸಿಕೊಡುತ್ತಿದ್ದರು. ದುಡ್ಡು ಯುದ್ಧ ಮುಗಿದ ಮೇಲೆ ಕೊಟ್ಟರಾಯಿತು. ಬದುಕಿ ಮನೆಗೆ ಹೋಗ್ತೀರಿ ಅಂತ ಸೆರೆಯಾಳಿಗೆ ಬೇರೆ ಯಾರು ತಾನೆ ಅಷ್ಟು ಖಾತ್ರಿಯಾಗಿ ಹೇಳಿದ್ದರು?

1944ರಲ್ಲಿ ಹೆಂಡತಿ ಫ್ಲಾರೆನ್ಸ್ ತೀರಿಕೊಂಡರು. ಮಕ್ಕಳಿರಲಿಲ್ಲ. ಮರುವರ್ಷ ತಮ್ಮ ಹೆಸರಿನ ಪ್ರತಿಷ್ಠಾನ ಸ್ಥಾಪಿಸಿ, ಕಂಪನಿಯ ಒಡೆತನವನ್ನು ಅದಕ್ಕೆ ಬಿಟ್ಟರು. ಇಂದಿಗೂ ರೋಲೆಕ್ಸ್ ಆ ಪ್ರತಿಷ್ಠಾನದ್ದೇ. 1960ರ ಜುಲೈ 6ರಂದು ಜಿನೀವಾದಲ್ಲಿ ವಿಲ್ಸ್‌ಡಾರ್ಫ್ ಕಣ್ಣುಮುಚ್ಚಿದರು.

ಮರುವರ್ಷವೇ, 1961ರಲ್ಲಿ, ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಶುರುವಾಯಿತು. ಬೆಲೆಯಲ್ಲಿ ಎರಡಕ್ಕೂ ಆಕಾಶ–ಭೂಮಿ ಅಂತರ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಮೊದಲ ಸಂಬಳಕ್ಕೆ, ಮದುವೆಗೆ, ಪಾಸಾದ ಮಗನಿಗೆ ಅಂತ ಬಂದದ್ದು ಎಚ್‌ಎಂಟಿಯೇ. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಸರ್ಕಾರ ತೀರ್ಮಾನಿಸಿತು. ಅಜ್ಜನ ವಾಚು ಮಾತ್ರ ಬೆಳಿಗ್ಗೆ ಕೀ ಕೊಟ್ಟರೆ ಈಗಲೂ ಓಡುತ್ತೆ. ಶೋರೂಮಿನ ಗಾಜಿನ ಆಚೆ ಇರುವುದನ್ನು ಕೊಳ್ಳುವ ದಿನ ಬಂದರೂ, ಇದನ್ನು ಡ್ರಾಯರಿಗೆ ಹಾಕಬೇಡಿ.